ಮೊದಲು ದುಡ್ಡು, ಆಮೇಲೆ ಹೊಳೆ ಶುದ್ಧ: ಈ ಮಾತು ನಿಜವಾ?

ಮೂಡಿಗೆರೆ ಸೀಮೆಯವ
ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಕಡೆ ಬೆಳೆಗಾರರ ಸಭೆ ಇತ್ತು. ಪಲ್ಪಿಂಗ್ ನೀರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರಿನ, ವಿಷಯ ಎತ್ತಿದೆ. ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಹಳ್ಳ ಕಂದು ಬಣ್ಣಕ್ಕೆ ತಿರುಗುತ್ತದೆ. ಹುಳಿ ವಾಸನೆ ಬರುತ್ತದೆ, ದನಗಳು ಬಾಯಿ ಇಡುವುದಿಲ್ಲ. ಒಬ್ಬ ಹಿರಿಯರು ಎದ್ದು, "ಯೂರೋಪಿನವರೂ ಮೊದಲು ಗಲೀಜು ಮಾಡಿಯೇ ಶ್ರೀಮಂತರಾದದ್ದು. ಕೈಯಲ್ಲಿ ನಾಲ್ಕು ಕಾಸು ಓಡಾಡಲಿ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ" ಎಂದರು. ಜನ ಚಪ್ಪಾಳೆ ತಟ್ಟಿದರು.

ನನಗೆ ಆ ಮಾತು ಒಪ್ಪಿಗೆ ಆಗಲಿಲ್ಲ. ಕಾಫಿಗೆ ಈಚೆಗೆ ಬಂದಂಥ ಬೆಲೆ ನಮ್ಮಪ್ಪನ ಕಾಲದಲ್ಲಿ ಯಾರೂ ಕಂಡಿರಲಿಲ್ಲ. 2025ರ ಶುರುವಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಪಲ್ಪಿಂಗ್ ಮಾಡಿ ತೊಳೆದು ಒಣಗಿಸಿದ ಕಾಫಿ, 50 ಕೆಜಿ ಚೀಲಕ್ಕೆ 25 ಸಾವಿರ ದಾಟಿತ್ತು. ದುಡ್ಡು ಬಂತು, ಹೊಸ ಮನೆ ಎದ್ದವು, ಹೊಸ ಗಾಡಿ ಬಂದವು. ಹಳ್ಳ ಮಾತ್ರ ಹಾಗೇ ಇದೆ. ದುಡ್ಡು, ಕರೆಂಟು, ಕೊಳಕು ಈ ಮೂರರ ನಡುವೆ ನಿಜವಾಗಿ ಏನು ಸಂಬಂಧ? ತಿಳಿದವರು ಹೇಳಿ.

ಏಲಕ್ಕಿ ಕಾಡು
ಎಲ್ಲ ಬೆಳೆಗಾರರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಣ್ಣ. ನಮ್ಮದು ಚಿಕ್ಕ ತೋಟ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡುತ್ತೇವೆ. ಒಂದು ಹನಿ ನೀರೂ ಹೊಳೆಗೆ ಹೋಗುವುದಿಲ್ಲ. ಪಾರ್ಚ್‌ಮೆಂಟ್ ಮಾಡುವವರ ತಪ್ಪಿಗೆ ಎಲ್ಲರೂ ಬೈಸಿಕೊಳ್ಳಬೇಕಾ?

ಮೂಡಿಗೆರೆ ಸೀಮೆಯವ
ಇಲ್ಲ ಅಣ್ಣ, ಬೈಯುತ್ತಿಲ್ಲ. ಆದರೆ ಪಾರ್ಚ್‌ಮೆಂಟ್‌ಗೆ ಬೆಲೆ ಜಾಸ್ತಿ ಅಲ್ವಾ? ಆದಾಯ ಜಾಸ್ತಿ ಮಾಡುವ ದಾರಿಯಲ್ಲೇ ನೀರೂ ಜಾಸ್ತಿ ಕೆಡುತ್ತಿದೆ. ನನ್ನ ಪ್ರಶ್ನೆ ಅಲ್ಲೇ ಇರುವುದು.

ಗೊರೂರು ನಲ್ಲಿ
ನಾನು ಹಾಸನದವಳು. ಹೇಮಾವತಿ ಹುಟ್ಟುವುದು ನಿಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ. ಸಕಲೇಶಪುರ ದಾಟಿ ಗೊರೂರಿಗೆ ಬರುತ್ತದೆ. ಹಾಸನದ ಊರಿಗೆಲ್ಲ ಕುಡಿಯುವ ನೀರು ಅದೇ. ದುಡ್ಡು ಮೇಲೆ ಉಳಿಯುತ್ತದೆ, ಕೊಳಕು ಕೆಳಗೆ ಹರಿಯುತ್ತದೆ. ನಿಮ್ಮ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಆ ನೀರು ಕುಡಿಯುವವರು ಎಷ್ಟು ಜನ ಇದ್ದರು?

ಏಲಕ್ಕಿ ಕಾಡು
ಹಾಸನದ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಅಂತ ಅದನ್ನೂ ಹೇಳಿ ಅಕ್ಕ.

ಗೊರೂರು ನಲ್ಲಿ
ಅದೂ ತಪ್ಪೇ. ಎರಡು ತಪ್ಪು ಕೂಡಿಸಿದರೆ ಒಂದು ಸರಿ ಆಗುವುದಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು
ಆ ಹಿರಿಯರು ಹೇಳಿದ್ದು ಸುಮ್ನೆ ಗಾಳಿಮಾತಲ್ಲ. ಅರ್ಥಶಾಸ್ತ್ರದಲ್ಲಿ ಅದಕ್ಕೊಂದು ಹೆಸರೇ ಇದೆ, ಪರಿಸರದ ಕುಜ್ನೆಟ್ಸ್ ರೇಖೆ. ಸೈಮನ್ ಕುಜ್ನೆಟ್ಸ್ 1955ರಲ್ಲಿ ಹೇಳಿದ್ದು ಪರಿಸರದ ಬಗ್ಗೆ ಅಲ್ಲ, ಬಡವ ಬಲ್ಲಿದರ ಅಂತರದ ಬಗ್ಗೆ. ದೇಶ ಬೆಳೆಯುವಾಗ ಅಂತರ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ ಎಂದು. 1991ರಲ್ಲಿ ಅಮೆರಿಕದ ಗ್ರಾಸ್‌ಮನ್ ಮತ್ತು ಕ್ರೂಗರ್ ಇಬ್ಬರೂ ಮಾಲಿನ್ಯದ ಅಂಕಿಅಂಶ ಹಿಡಿದು ನೋಡಿದರು. ಗಂಧಕದ ಹೊಗೆ, ಮಸಿ ಇಂಥವು ತಲಾ ಆದಾಯದ ಜೊತೆ ಮೊದಲು ಏರಿ, ಒಂದು ಹಂತ ದಾಟಿದ ಮೇಲೆ ಇಳಿಯುವುದು ಕಂಡಿತು. ಬೋರಲು ಹಾಕಿದ ಬಾಣಲೆಯ ಆಕಾರ.

ಜನ ಅರ್ಧ ಓದಿ ನಿಲ್ಲಿಸುವುದು ಇಲ್ಲೇ. ಇಳಿತ ತಾನಾಗಿ ಆಗುತ್ತದೆ ಎಂದು ಅವರು ಹೇಳಲಿಲ್ಲ. ಆದಾಯ ಏರಿದಾಗ ಜನ ಒತ್ತಾಯಿಸುತ್ತಾರೆ, ಸರ್ಕಾರ ಕಾನೂನು ಮಾಡುತ್ತದೆ, ಆಗ ಇಳಿಯುತ್ತದೆ ಎಂಬ ಅರ್ಥದಲ್ಲಿ ಬರೆದರು. ಲಂಡನ್ನಿನಲ್ಲಿ 1952ರ ಡಿಸೆಂಬರ್‌ನಲ್ಲಿ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ಬ್ರಿಟನ್ 1952ಕ್ಕೆ ಮೊದಲೂ ಶ್ರೀಮಂತ ದೇಶವೇ ಆಗಿತ್ತು. ದುಡ್ಡೊಂದೇ ಸಾಕಾಗಿದ್ದರೆ ಹೊಗೆ ಅದಕ್ಕೂ ಮೊದಲೇ ಹೋಗಬೇಕಿತ್ತು.

ಕಡೂರು ರೈಲು
ಮೇಷ್ಟ್ರೇ, ದೆಹಲಿ ಉದಾಹರಣೆ ಸಾಕಲ್ಲ. ತಲಾ ಆದಾಯದಲ್ಲಿ ದೇಶದ ಮೇಲಿನ ಸಾಲಿನಲ್ಲಿದೆ. ಗಾಳಿ ನೋಡಿದರೆ ದೇಶದ ಅತಿ ಕೆಟ್ಟವುಗಳಲ್ಲಿ ಒಂದು.

ಅರ್ಥಶಾಸ್ತ್ರದ ಮೇಷ್ಟ್ರು
ಸರಿಯಾಗಿ ಹೇಳಿದಿರಿ. ಅದೇ ದೆಹಲಿಯಲ್ಲಿ ಬಸ್ಸುಗಳು ಸಿಎನ್‌ಜಿಗೆ ಬದಲಾದದ್ದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದ ಮೇಲೆ. ಪೆಟ್ರೋಲಿನಲ್ಲಿ ಸೀಸ ಬೆರೆಸುವುದು ದೇಶದಲ್ಲಿ 2000ದಲ್ಲಿ ನಿಂತಿತು. ಅದೂ ನಿಯಮದಿಂದಲೇ, ನಮ್ಮ ಜೇಬು ತುಂಬಿದ್ದರಿಂದ ಅಲ್ಲ.

ಬಯಲುಸೀಮೆ ತೆಂಗು
ನೀವೆಲ್ಲ ಹೊಳೆ ಹೊಳೆ ಅಂತೀರಿ. ನಮ್ಮ ಅರಸೀಕೆರೆ ಕಡೆ ಬನ್ನಿ, ಹೊಳೆ ಎಲ್ಲಿದೆ ತೋರಿಸಿ. ನಮ್ಮ ಕಥೆ ಕರೆಂಟಿನದ್ದು. ತಾತನ ಕಾಲದಲ್ಲಿ ತೆರೆದ ಬಾವಿ, ಅರವತ್ತು ಅಡಿಗೆ ನೀರು. ಈಗ ಸಾವಿರ ಅಡಿ ಬೋರು. ತೆಂಗು ಅದೇ, ಕಾಯಿ ಅಷ್ಟೇ. ಕರೆಂಟು ಮಾತ್ರ ಎಷ್ಟೋ ಪಟ್ಟು.

ಲೈನ್ ಕೆಲಸ
ಎಷ್ಟು ಪಟ್ಟು ಅಂತ ಲೆಕ್ಕ ಹಾಕಿಕೊಡುತ್ತೇನೆ ಅಣ್ಣ. ಸಾವಿರ ಲೀಟರ್ ನೀರನ್ನು ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್ ಎತ್ತಲು ಕನಿಷ್ಠ 0.8 ಯೂನಿಟ್ ಬೇಕು. ಪಂಪು, ಮೋಟಾರು, ಪೈಪಿನ ನಷ್ಟ ಸೇರಿದರೆ ಎರಡು ಯೂನಿಟ್ ಹತ್ತಿರ ಹೋಗುತ್ತದೆ. ಅದೇ ನೀರು ಅರವತ್ತು ಅಡಿಯಿಂದಾದರೆ 0.1 ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಹದಿನೈದು ಇಪ್ಪತ್ತು ಪಟ್ಟು ವ್ಯತ್ಯಾಸ.

ದೇಶದ ಗ್ರಿಡ್ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಆಗುತ್ತದೆ. ಬರೀ ಕಲ್ಲಿದ್ದಲಿನ ಕರೆಂಟಾದರೆ ಒಂದು ಕೆಜಿಯ ಹತ್ತಿರ. ಹತ್ತು ಎಚ್‌ಪಿ ತನಕದ ನೀರಾವರಿ ಪಂಪಿಗೆ, ಅಂದರೆ ಐಪಿ ಸೆಟ್‌ಗೆ ಬಿಲ್ ಇಲ್ಲ, ಹಾಗಾಗಿ ರೈತರಿಗೆ ಇದು ಕಾಣುವುದಿಲ್ಲ. ಎಲ್ಲೋ ಯಾರೋ ಕಲ್ಲಿದ್ದಲು ಸುಡುತ್ತಿದ್ದಾರೆ, ಇನ್ಯಾರೋ ಬೂದಿ ಉಸಿರಾಡುತ್ತಿದ್ದಾರೆ.

ಬಯಲುಸೀಮೆ ತೆಂಗು
ಹಾಗಾದರೆ ಬಿಲ್ ಹಾಕಿ ಅಂತೀರಾ? ಒಂದು ತಿಂಗಳಲ್ಲಿ ತೋಟ ಒಣಗುತ್ತದೆ. ಪೇಟೆಯವರಿಗೆ 200 ಯೂನಿಟ್ ಉಚಿತ, ನಮಗೆ ಮಾತ್ರ ಪಾಠ.

ಲೈನ್ ಕೆಲಸ
ಬಿಲ್ ಹಾಕಿ ಅನ್ನಲಿಲ್ಲ ಅಣ್ಣ. ನೀರು ಕೆಳಗೆ ಹೋದಷ್ಟೂ ನೀವೂ ಸೋಲುತ್ತೀರಿ ಎಂದೆ. ಕೆರೆ ಹೂಳು ತೆಗೆದು ಅಂತರ್ಜಲ ನೂರು ಅಡಿ ಮೇಲೆ ಬಂದರೂ ಅದು ಕರೆಂಟು ಉಳಿಸಿದಂತೆಯೇ. ಇನ್ನೊಂದು ವಿಷಯ. ಹಗಲು ಹೊತ್ತು ರಾಜ್ಯದಲ್ಲಿ ಸೋಲಾರ್ ಕರೆಂಟು ಚೆನ್ನಾಗಿ ಸಿಗುತ್ತದೆ, ಪಾವಗಡ ಒಂದರಲ್ಲೇ 2050 ಮೆಗಾವಾಟ್ ಸಾಮರ್ಥ್ಯ ಇದೆ. ತ್ರೀ ಫೇಸ್ ಹಗಲೇ ಕೊಟ್ಟರೆ ರೈತರ ನಿದ್ದೆಯೂ ಉಳಿಯುತ್ತದೆ, ಕಲ್ಲಿದ್ದಲೂ ಉಳಿಯುತ್ತದೆ.

ಬಯಲುಸೀಮೆ ತೆಂಗು
ಹಗಲು ಕೊಟ್ಟರೆ ಕೈ ಮುಗಿಯುತ್ತೇನೆ. ರಾತ್ರಿ ಎರಡು ಗಂಟೆಗೆ ಸ್ಟಾರ್ಟರ್ ಹಾಕಲು ಹೋಗಿ ಹಾವು ತುಳಿದವರ ಮನೆಗಳು ನಮ್ಮ ಊರಲ್ಲೇ ಇವೆ.

ಶಾಂತಿಗ್ರಾಮ
"ಎಲ್ಲೋ ಯಾರೋ" ಎಂದದ್ದಕ್ಕೆ ಸೇರಿಸುತ್ತೇನೆ. ಅದು ತುಂಬಾ ದೂರ ಏನಲ್ಲ. ಉಡುಪಿ ಜಿಲ್ಲೆಯ ನಂದಿಕೂರಿನ ಹತ್ತಿರ 1200 ಮೆಗಾವಾಟ್ ಸ್ಥಾವರ ಇದೆ. ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ಅಲ್ಲಿಂದ 400 ಕೆವಿ ಲೈನ್ ಘಟ್ಟ ಹತ್ತಿ, ಕಾಡು ದಾಟಿ, ಹಾಸನದ ಹತ್ತಿರದ ನಮ್ಮ ಶಾಂತಿಗ್ರಾಮದ ಸ್ಟೇಷನ್‌ಗೆ ಬರುತ್ತದೆ. ಬೆಳಕು ಈ ಕಡೆ, ಬೂದಿ ಆ ಕಡೆ. ಗೊರೂರು ಅಕ್ಕ ಹೇಳಿದ 'ಮೇಲೆ, ಕೆಳಗೆ' ಲೆಕ್ಕದಲ್ಲಿ ನಮ್ಮ ಜಾಗ ಇಲ್ಲಿ ತಿರುಗುಮುರುಗು. ಘಟ್ಟದ ಕೆಳಗಿನವರ ಎದುರು ನಾವೇ ಆ ಹಿರಿಯರ ಜಾಗದಲ್ಲಿದ್ದೇವೆ.

ಗೊರೂರು ನಲ್ಲಿ
ಇದು ನನಗೆ ಗೊತ್ತಿರಲಿಲ್ಲ. ಮನಸ್ಸಿಗೆ ತಟ್ಟಿತು.

ಕಾಫಿ ಮತ್ತು ಲೆಕ್ಕ
ಎಲ್ಲರೂ ಬೆಳವಣಿಗೆಯನ್ನೇ ಬೈಯುತ್ತಿದ್ದೀರಿ. ಒಂದು ಮಾತು ನೆನಪಿಡಿ. ನಮ್ಮ ಅಜ್ಜಿ ಇಡೀ ಆಯಸ್ಸು ಹಸಿ ಸೌದೆ ಊದಿ, ಹೊಗೆ ಕುಡಿದು, ಕೆಮ್ಮಿಕೊಂಡೇ ಹೋದರು. ಇವತ್ತು ತೋಟದ ಕೆಲಸಗಾರರ ಲೈನ್ ಮನೆಗಳಲ್ಲೂ ಗ್ಯಾಸ್ ಇದೆ. ಅದು ದುಡ್ಡಿನಿಂದ ಮತ್ತು 2016ರಲ್ಲಿ ಬಂದ ಉಜ್ವಲ ಯೋಜನೆಯಿಂದ ಆಯಿತು. ನಾವು ಜಾಸ್ತಿ ಶಕ್ತಿ ಬಳಸಿದೆವು, ಹೊಗೆ ಕಡಿಮೆ ಆಯಿತು. ಭಾರತದವನ ಸರಾಸರಿ ಕಾರ್ಬನ್ ಡೈಆಕ್ಸೈಡ್ ವರ್ಷಕ್ಕೆ ಎರಡು ಟನ್ನು, ಅಮೆರಿಕದವನದು 14 ಟನ್ನಿನ ಹತ್ತಿರ. ಮೊದಲು ಪಾಠ ಹೇಳಬೇಕಾದದ್ದು ಯಾರಿಗೆ?

ಅರ್ಥಶಾಸ್ತ್ರದ ಮೇಷ್ಟ್ರು
ಆ ಪ್ರಶ್ನೆ ನ್ಯಾಯವಾದದ್ದೇ. ನಿಮ್ಮ ಅಜ್ಜಿಯ ಒಲೆಯಲ್ಲೇ ಒಂದು ಉತ್ತರವೂ ಇದೆ. ಹೊಗೆ ಮನೆಯೊಳಗೇ ಇತ್ತು, ದುಡ್ಡು ಬಂದ ಮನೆಯೇ ಗ್ಯಾಸ್ ತಂದಿತು. ಯಾರ ಕೊಳಕು ಅವರ ಮೂಗಿಗೇ ಬಡಿಯುತ್ತದೋ ಅದು ಆದಾಯದ ಜೊತೆ ಬೇಗ ಹೋಗುತ್ತದೆ. ಹೊಳೆಗೆ ಬಿಟ್ಟದ್ದು ಮುಂದಿನ ಊರಿಗೆ ಹೋಗುತ್ತದೆ, ಚಿಮಣಿಯಿಂದ ಬಿಟ್ಟದ್ದು ಇಡೀ ಲೋಕಕ್ಕೆ ಹೋಗುತ್ತದೆ. ಆ ಕೊಳಕು ಹಾಗೆ ಬೇಗ ತೊಲಗುವುದಿಲ್ಲ.

ಚೀನಾ ನೋಡಿ. 2013ರಲ್ಲಿ ಗಾಳಿ ಸರಿಪಡಿಸಲು ಕಟ್ಟುನಿಟ್ಟಿನ ಯೋಜನೆ ತಂದರು. ಬೀಜಿಂಗಿನ ಸೂಕ್ಷ್ಮ ಧೂಳು ಆ ವರ್ಷ ಘನ ಮೀಟರಿಗೆ ಸುಮಾರು 90 ಮೈಕ್ರೋಗ್ರಾಂ ಇದ್ದದ್ದು 2021ಕ್ಕೆ 33ಕ್ಕೆ ಇಳಿಯಿತು. ಅದೇ ವರ್ಷಗಳಲ್ಲಿ ಚೀನಾದ ಕಾರ್ಬನ್ ಡೈಆಕ್ಸೈಡ್ ಏರಿತು. ಧೂಳು ರಾಜಧಾನಿಯವರ ಗಂಟಲಿಗೆ ಬರುತ್ತಿತ್ತು. ಕಾರ್ಬನ್ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಬರುವುದಿಲ್ಲ.

ಕಾಫಿ ಮತ್ತು ಲೆಕ್ಕ
ಆದರೆ ಬ್ರಿಟನ್ ಕಾರ್ಬನ್ನೂ ಇಳಿಸಿದೆ ಮೇಷ್ಟ್ರೇ. 1990ರಿಂದ ಆರ್ಥಿಕತೆ ಬೆಳೆದಿದೆ, ಅಲ್ಲಿನ ಹಸಿರುಮನೆ ಅನಿಲ ಅರ್ಧದಷ್ಟಾಗಿದೆ. 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನೂ ಮುಚ್ಚಿದರು. ಬೆಳವಣಿಗೆ ಬೇರೆ, ಹೊಗೆ ಬೇರೆ ಆಗಲು ಸಾಧ್ಯ ಅಂತ ಆಯಿತಲ್ಲ?

ಶಾಂತಿಗ್ರಾಮ
ಅವರು ಉಡುವ ಬಟ್ಟೆ, ಹೊದೆಯುವ ಬೆಡ್‌ಶೀಟು ಎಲ್ಲಿ ತಯಾರಾಗುತ್ತದೆ? ಹಾಸನದ ಇಂಡಸ್ಟ್ರಿಯಲ್ ಏರಿಯಾದಿಂದಲೂ ಹೊರದೇಶಕ್ಕೆ ಬಟ್ಟೆ ಹೋಗುತ್ತದೆ. ಬಣ್ಣದ ನೀರು, ಬಾಯ್ಲರ್ ಹೊಗೆ ಇಲ್ಲಿ, ಬಟ್ಟೆ ಅಲ್ಲಿ. ಅವರ ಲೆಕ್ಕದ ಪುಸ್ತಕದಲ್ಲಿ ಹೊಗೆ ಕಾಣುವುದಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು
ಇಬ್ಬರದೂ ಸರಿ. ಆಮದು ಸರಕಿನ ಹೊಗೆ ಸೇರಿಸಿ ಲೆಕ್ಕ ಹಾಕಿದರೆ ಬ್ರಿಟನ್ನಿನ ಇಳಿತ ಚಿಕ್ಕದಾಗುತ್ತದೆ, ಆದರೆ ಪೂರ್ತಿ ಮಾಯ ಆಗುವುದಿಲ್ಲ. ಕಲ್ಲಿದ್ದಲು ಬಿಟ್ಟು ಗ್ಯಾಸು, ಗಾಳಿಯಂತ್ರಕ್ಕೆ ಹೋದದ್ದರಿಂದ ನಿಜವಾಗಿಯೂ ಕಡಿಮೆ ಆಯಿತು.

ಭದ್ರೆಯ ಮೂಲ
ಕಳಸದ ಕಡೆಯವಳು ನಾನು. ಇಷ್ಟೆಲ್ಲ ಮಾತಾಡಿ ಯಾರೂ ಕುದುರೆಮುಖದ ಹೆಸರು ಎತ್ತಲಿಲ್ಲ ಅಲ್ವಾ? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ. 1976ರಲ್ಲಿ ಗಣಿ ಕಂಪನಿ ಶುರುವಾಯಿತು. ಇರಾನಿನ ದೊರೆ ಶಾ ಹಣ ಕೊಡುವ ಒಪ್ಪಂದ, ಅದಿರು ಅವರಿಗೇ. 1979ರಲ್ಲಿ ಅಲ್ಲಿ ಕ್ರಾಂತಿ ಆಗಿ ಕೊಳ್ಳುವವರೇ ಇಲ್ಲವಾದರು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಬೆಟ್ಟ ಒಡೆದು, ಪುಡಿ ಮಾಡಿ, ನೀರಿಗೆ ಬೆರೆಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಕಲ್ಲು ಪುಡಿ ಮಾಡಲು ಎಷ್ಟು ಕರೆಂಟು ಬೇಕು ಯೋಚಿಸಿ. ಉಳಿದ ಕೆಸರೆಲ್ಲ ಲಕ್ಯಾ ಅಣೆಕಟ್ಟಿನ ಹಿಂದೆ. ಅದು ಇವತ್ತಿಗೂ ಅಲ್ಲೇ ಇದೆ. ಮಳೆ ಬಂದಾಗ ಭದ್ರೆಗೆ ಕೆಂಪು ಹೂಳು ಇಳಿಯುತ್ತಿತ್ತು.

ಏಲಕ್ಕಿ ಕಾಡು
ಪರಿಸರದವರ ಗಲಾಟೆಗೆ ಗಣಿ ಮುಚ್ಚಿತು, ಸಾವಿರಾರು ಕುಟುಂಬಗಳ ಅನ್ನ ಹೋಯಿತು. ಅದನ್ನೂ ಹೇಳಿ.

ಭದ್ರೆಯ ಮೂಲ
ಹೇಳುತ್ತೇನೆ. ಆ ಟೌನ್‌ಶಿಪ್‌ನಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕು ಎಲ್ಲ ಇತ್ತು. ನನ್ನ ಜೊತೆ ಓದಿದವರು ಊರೂರು ಚದುರಿ ಹೋದರು, ಆ ನೋವು ನನಗೂ ಇದೆ. ಆದರೆ ಮುಚ್ಚಿಸಿದ್ದು ಗಲಾಟೆ ಅಲ್ಲ. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಅಷ್ಟರಲ್ಲಿ ಸುತ್ತಲಿನ ಕಾಡು 1987ರಿಂದಲೇ ರಾಷ್ಟ್ರೀಯ ಉದ್ಯಾನ ಆಗಿತ್ತು.

ಕೆಲಸ ಮೂವತ್ತು ವರ್ಷ ಕೊಟ್ಟಿತು. ಆ ಕೆಸರನ್ನು ಎಷ್ಟು ವರ್ಷ ಕಾಯಬೇಕು? ಅಣೆಕಟ್ಟು ಸುಮಾರು 100 ಮೀಟರ್ ಎತ್ತರ ಇದೆ, ಅಲ್ಲಿ ಬೀಳುವ ಮಳೆ ಎಂಥದ್ದು ಅಂತ ಘಟ್ಟದವರಿಗೆ ಹೇಳಬೇಕಾಗಿಲ್ಲ. ಬೆಳವಣಿಗೆಯ ಲೆಕ್ಕದಲ್ಲಿ ರಫ್ತಿನ ಹಣವನ್ನು ವರ್ಷವರ್ಷವೂ ಬರೆದರು. ಕಾಯುವ ಖರ್ಚನ್ನು ಯಾವ ಪುಟದಲ್ಲಿ ಬರೆದರು?

ಏಲಕ್ಕಿ ಕಾಡು
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ ಅಕ್ಕ. ಆದರೆ ಕೆಲಸ ಕಳೆದುಕೊಂಡವರಿಗೆ ಬೇರೆ ದಾರಿ ತೋರಿಸದೆ ಮುಚ್ಚಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಭದ್ರೆಯ ಮೂಲ
ಅದಕ್ಕೆ ನನ್ನ ಒಪ್ಪಿಗೆ ಇದೆ.

ಗಿರಿ ದಾರಿ
ಗಣಿ ಹೋಯಿತು, ಈಗ ಪ್ರವಾಸಿಗರು ಬಂದಿದ್ದಾರೆ. ವಾರಾಂತ್ಯ ಮುಳ್ಳಯ್ಯನಗಿರಿ ರಸ್ತೆ ನೋಡಿ. ಬೆಂಗಳೂರಿನ ಕಾರುಗಳ ಸಾಲು, ಎಲ್ಲಕ್ಕೂ ಎಂಜಿನ್ ಚಾಲೂ. ಈಗ ಆನ್‌ಲೈನ್ ಬುಕಿಂಗ್ ಮಾಡಿದ್ದಾರೆ, ಸ್ವಲ್ಪ ಪರವಾಗಿಲ್ಲ. ಹೋಮ್‌ಸ್ಟೇಗಳ ಜನರೇಟರ್ ಶಬ್ದ ಬೇರೆ. ಇದನ್ನೂ ಹಸಿರು ಉದ್ಯಮ ಅಂತ ಕರೆಯುತ್ತಾರೆ.

ಕಡೂರು ರೈಲು
ಹೋಮ್‌ಸ್ಟೇಯಿಂದ ಎಷ್ಟು ಹುಡುಗರು ಬೆಂಗಳೂರಿನಿಂದ ವಾಪಸ್ ಬಂದಿದ್ದಾರೆ ಗೊತ್ತಾ? ಕಾರಿನ ಬದಲು ಚಿಕ್ಕಮಗಳೂರಿಗೆ ಒಳ್ಳೆ ರೈಲು ಬಿಡಲಿ. ಕಡೂರಿನಿಂದ ಹಳಿ ಇದೆಯಲ್ಲ.

ಗಿರಿ ದಾರಿ
ರೈಲು ಬರಲಿ, ನಾನೇ ಹೂವು ಹಾಕುತ್ತೇನೆ.

ಸಕಲೇಶಪುರ ಮಳೆ
ಕಲ್ಲಿದ್ದಲು ಬೇಡ, ಶುದ್ಧ ಶಕ್ತಿ ಬೇಕು ಅನ್ನುವವರಿಗೆ ನಮ್ಮ ಕಡೆಯ ಒಂದು ಮಾತು. ಗುಂಡ್ಯ ಯೋಜನೆ ನೆನಪಿದೆಯಾ? 200 ಮೆಗಾವಾಟ್ ಜಲವಿದ್ಯುತ್, ಹೊಗೆ ಇಲ್ಲ. ಆದರೆ ಅದಕ್ಕೆ ಬೇಕಿದ್ದದ್ದು ಘಟ್ಟದ ಅತಿ ಒಳ್ಳೆಯ ಕಾಡು. 2011ರಲ್ಲಿ ಪಶ್ಚಿಮ ಘಟ್ಟದ ಬಗ್ಗೆ ನೋಡಿದ ಮಾಧವ ಗಾಡ್ಗೀಳ್ ಸಮಿತಿ ಬೇಡ ಎಂದಿತು. ಹೊಗೆ ಇಲ್ಲ ಎಂದ ಮಾತ್ರಕ್ಕೆ ಶುದ್ಧ ಅನ್ನಲು ಆಗುವುದಿಲ್ಲ. ಈಗ ಎತ್ತಿನಹೊಳೆ. ನಮ್ಮ ಹಳ್ಳಗಳ ನೀರನ್ನು ಪಂಪಿನಲ್ಲಿ ಮೇಲೆತ್ತಿ ಪೂರ್ವಕ್ಕೆ ಕಳಿಸುತ್ತಾರೆ, 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಯೂ ಆಯಿತು. ಆ ಎತ್ತುವಿಕೆಗೆ ಬೇಕಾದ ಕರೆಂಟು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುತ್ತಿಲ್ಲ.

ಬಯಲುಸೀಮೆ ತೆಂಗು
ನೀರಿಲ್ಲದ ಊರಿನವರು ಕೇಳುವುದಿಲ್ಲ ಸರ್. ನಮಗೆ ನೀರು ಬಂದರೆ ಸಾಕು.

ಸಕಲೇಶಪುರ ಮಳೆ
ನಿಮ್ಮ ಬಾಯಾರಿಕೆ ಸುಳ್ಳಲ್ಲ. ಆದರೆ ಮೇಲೆ ಲೈನ್ ಕೆಲಸದವರು ಹೇಳಿದ ಕೆರೆ ಹೂಳಿನ ದಾರಿಗೆ ಅದರಲ್ಲಿ ಸ್ವಲ್ಪ ಭಾಗ ಹಣ ಹಾಕಿದ್ದರೂ ಸಾಕಿತ್ತು ಅಂತ ನನ್ನ ಅನಿಸಿಕೆ.

ಲೈನ್ ಕೆಲಸ
ಇನ್ನೊಂದು ಎಚ್ಚರಿಕೆ. ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಈಗ ಸೋಲಾರ್, ಗಾಳಿ, ನೀರು, ಅಣು ಸೇರಿದ್ದು ಎಂದು 2025ರಲ್ಲಿ ಸುದ್ದಿ ಬಂತು. ನಿಜವೇ. ಆದರೆ ವರ್ಷವಿಡೀ ನಿಜವಾಗಿ ತಯಾರಾಗುವ ಕರೆಂಟಿನಲ್ಲಿ ನೂರಕ್ಕೆ 70ರ ಆಸುಪಾಸು ಇನ್ನೂ ಕಲ್ಲಿದ್ದಲಿನದ್ದೇ. ಸಂಜೆ ಏಳಕ್ಕೆ ಎಲ್ಲರೂ ಸ್ವಿಚ್ ಹಾಕುವಾಗ ಸೂರ್ಯ ಇರುವುದಿಲ್ಲ.

ಪಲ್ಪರ್ ಮೆಕ್ಯಾನಿಕ್
ಬ್ರಿಟನ್ನು, ಚೀನಾ ಎಲ್ಲ ಸುತ್ತಿ ಬಂದಿರಿ. ಮೊದಲು ಕೇಳಿದ ಹಳ್ಳದ ಮಾತಿಗೆ ಬರೋಣ. ನಾನು ಪಲ್ಪರ್ ರಿಪೇರಿ ಮಾಡುವವನು, ಎಷ್ಟೋ ತೋಟದ ಒಳಗೆ ನೋಡಿದ್ದೇನೆ.

ಪಲ್ಪಿಂಗ್ ನೀರಿನಲ್ಲಿ ವಿಷ ಬೆರೆಸುವುದಿಲ್ಲ. ಹಣ್ಣಿನ ಸಕ್ಕರೆ, ಬೀಜದ ಮೇಲಿನ ಲೋಳೆ, ಅಷ್ಟೇ. ಅದು ಹುಳಿ ಬಂದು, ಸೂಕ್ಷ್ಮಜೀವಿಗಳು ಬೆಳೆದು, ನೀರಿನ ಆಮ್ಲಜನಕ ಪೂರ್ತಿ ಹೀರುತ್ತವೆ. ಮೀನು ಉಸಿರು ಕಟ್ಟಿ ಸಾಯುತ್ತವೆ. ಹೀಗೆ ಎಷ್ಟು ಆಮ್ಲಜನಕ ಹೀರಿಹೋಗುತ್ತದೆ ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ಮನೆ ಚರಂಡಿ ನೀರಿನ ಬಿಒಡಿ ಲೀಟರಿಗೆ 200, 300 ಮಿಲಿಗ್ರಾಂ ಇದ್ದರೆ ಇದರದ್ದು ಸಾವಿರಗಳಲ್ಲಿ ಇರುತ್ತದೆ. ಅದೂ ಹೊಳೆಯಲ್ಲಿ ನೀರು ಇಳಿಯುವ ಕಾಲದಲ್ಲಿ. ಮಳೆಗಾಲದಲ್ಲಿ ಬಿಟ್ಟಿದ್ದರೆ ಇಷ್ಟು ಕಾಣುತ್ತಿರಲಿಲ್ಲ.

ಪರಿಹಾರ ಹೊಸದಲ್ಲ. ಒಂದೇ ನೀರನ್ನು ಮತ್ತೆ ಮತ್ತೆ ತಿರುಗಿಸಿ ಬಳಸಬೇಕು. ಸಿಪ್ಪೆಯನ್ನು ನೀರಿನಲ್ಲಿ ಕೊಚ್ಚಿಸದೆ ಒಣದಾಗಿ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು. ಉಳಿದ ನೀರಿಗೆ ಸುಣ್ಣ ಹಾಕಿ ಹುಳಿ ಮುರಿಯಬೇಕು. ಆಮೇಲೆ ಸೋರದ ಹೊಂಡಗಳಲ್ಲಿ ಹಂತ ಹಂತವಾಗಿ ನಿಲ್ಲಿಸಬೇಕು. ಅದರಿಂದ ಬಯೋಗ್ಯಾಸ್ ಕೂಡ ತೆಗೆಯಬಹುದು. ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆದರೆ ನೀರು ಬಹಳ ಉಳಿಯುತ್ತದೆ, ಆದರೆ ಕರೆಂಟು ಜಾಸ್ತಿ ಬೇಕು. ನೀರು ಉಳಿಸಲು ಹೋದರೆ ಶಕ್ತಿ, ಶಕ್ತಿ ಉಳಿಸಲು ಹೋದರೆ ನೀರು. ಎರಡೂ ಪುಕ್ಕಟೆ ಸಿಗುವುದಿಲ್ಲ.

ನಾನು ಕಂಡ ತೋಟಗಳಲ್ಲಿ ಹೊಂಡ ಸರಿಯಾಗಿ ಇಟ್ಟವರು ಎಲ್ಲರೂ ಸಾಹುಕಾರರಲ್ಲ. ದೊಡ್ಡ ತೋಟದಲ್ಲಿ ರಾತ್ರಿ ಪೈಪು ಬಿಚ್ಚುವುದನ್ನೂ ನೋಡಿದ್ದೇನೆ. ಕೆಳಗಿನ ಊರಿನವರು ಬಂದು ಕೇಳುವ ಕಡೆ ಹೊಂಡ ಚೆನ್ನಾಗಿರುತ್ತದೆ. ಕೇಳುವವರಿಲ್ಲದ ಕಡೆ ಇರುವುದಿಲ್ಲ.

ಏಲಕ್ಕಿ ಕಾಡು
ಖರ್ಚು? ಎರಡು ಎಕರೆಯವನು ಹೊಂಡ, ಟಾರ್ಪಾಲು, ಯಂತ್ರ ಅಂತ ಹೊರಟರೆ ಆ ವರ್ಷದ ಲಾಭ ಅಲ್ಲಿಗೇ.

ಪಲ್ಪರ್ ಮೆಕ್ಯಾನಿಕ್
ಎರಡು ಎಕರೆಯವರು ಒಬ್ಬೊಬ್ಬರೇ ಪಲ್ಪರ್ ಇಡುವುದೇ ಬೇಡ ಅಣ್ಣ. ಹತ್ತು ಮನೆ ಸೇರಿ ಒಂದು ಘಟಕ ಮಾಡಿದರೆ ಹೊಂಡವೂ ಒಂದೇ, ಮೋಟಾರೂ ಒಂದೇ. ಹಣ್ಣು ಅದೇ ದಿನ ತಲುಪುವಷ್ಟು ಹತ್ತಿರ ಇರಬೇಕು ಅಷ್ಟೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ.

ಏಲಕ್ಕಿ ಕಾಡು
ಹತ್ತು ಮನೆ ಸೇರುವುದು ಯಂತ್ರಕ್ಕಿಂತ ಕಷ್ಟ. ಆದರೂ ನಮ್ಮ ಸಂಘದಲ್ಲಿ ಮಾತಾಡಿ ನೋಡುತ್ತೇನೆ.

ಮೂಡಿಗೆರೆ ಸೀಮೆಯವ
ಮುಂದಿನ ಸಭೆಯಲ್ಲಿ ಆ ಹಿರಿಯರಿಗೆ ಲಂಡನ್ನಿನ ಕಥೆಯನ್ನೇ ಹೇಳುತ್ತೇನೆ ಮೇಷ್ಟ್ರೇ. ಕುದುರೆಮುಖದ್ದೂ ಹೇಳುತ್ತೇನೆ. ಗ್ರಾಮಸಭೆಗೂ ಅರ್ಜಿ ಕೊಡೋಣ ಅಂತ ಇದ್ದೇನೆ. 1974ರ ಜಲ ಕಾಯ್ದೆ ಪ್ರಕಾರ ಹೊಳೆಗೆ ಹೀಗೆ ಬಿಡುವಂತಿಲ್ಲ ಅಲ್ವಾ? ಅರ್ಜಿ ಯಾವಾಗ ಕೊಟ್ಟರೆ ಒಳ್ಳೆಯದು?

ಗೊರೂರು ನಲ್ಲಿ
ಕೆಳಗಿನ ಊರಿನವರ ಸಹಿಯೂ ಹಾಕಿಸಿ. ನಾನು ಸಕಲೇಶಪುರದ ಕಡೆಯ ನೆಂಟರಿಗೆ ಹೇಳುತ್ತೇನೆ.

ಪಲ್ಪರ್ ಮೆಕ್ಯಾನಿಕ್
ಅಕ್ಟೋಬರ್ ಒಳಗೆ ಕೊಡಿ. ಪಲ್ಪಿಂಗ್ ಶುರುವಾಗುವ ಮೊದಲೇ ಹಳ್ಳದ ನೀರು ಒಂದು ಸಲ ಪರೀಕ್ಷೆ ಮಾಡಿಸಿ, ಜನವರಿಯಲ್ಲಿ ಅದೇ ಜಾಗದಿಂದ ಮತ್ತೆ ತೆಗೆಸಿ. ಬರೀ ಜನವರಿಯದ್ದು ಹಿಡಿದು ಹೋದರೆ, ಹಳ್ಳ ಮೊದಲಿಂದಲೂ ಹೀಗೇ ಇತ್ತು ಅಂತ ವಾದ ಮಾಡುತ್ತಾರೆ.